ಬಾಗಿಲ ಹಿಂದಿನ ಒಂದು ಮೊಳ ಗಾರೆ

ಯಾರ ಮನೆಗೆ ಹೋದರೂ ನಾನು ಗೋಡೆ ತಟ್ಟುತ್ತೇನೆ. ಬೆರಳ ಗೆಣ್ಣಿನಿಂದ, ಮೆಲ್ಲಗೆ, ಎರಡೇ ಸಲ. ಬೇಕೆಂದು ಮಾಡುವುದಲ್ಲ, ಕೈ ತಾನಾಗಿ ಹೋಗುತ್ತದೆ. ಹೋದ ವರ್ಷ ನನ್ನ ಬೀಗರು ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸಿ ಪ್ರಾರ್ಥನೆಗೆ ಕರೆದಿದ್ದರು. ಪಾಯಸದ ಲೋಟ ಒಂದು ಕೈಯಲ್ಲಿ, ಇನ್ನೊಂದು ಕೈ ಅವರ ನಡುಮನೆಯ ಗೋಡೆಯ ಮೇಲೆ. ಬೀಗಿತ್ತಿ ಗಾಬರಿಯಿಂದ ಬಂದು ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೇಳಿದರು. ಮಗಳು ನನ್ನನ್ನು ಪಕ್ಕಕ್ಕೆ ಕರೆದು, ಅದು ಗೋಡೆ, ತೆಂಗಿನಕಾಯಿ ಅಲ್ಲ ಎಂದು ಗದರಿದಳು. ಗೋಡೆ ಗಟ್ಟಿಯಾಗಿದೆ ಎಂಬ ಸಮಾಧಾನದಲ್ಲಿ ನಾನು ಸುಮ್ಮನೆ ಬೈಸಿಕೊಂಡೆ.

ಈ ಚಾಳಿ ನನಗೆ ಅಂಟಿದ್ದು ಕೆಜಿಎಫ್‌ನಲ್ಲಿ. ಹೋದ ತಿಂಗಳು ಕೋಲಾರದಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಕೊನೆಯ ದಿನ ಮಧ್ಯಾಹ್ನಕ್ಕೇ ಬಿಟ್ಟರು. ಬೆಂಗಳೂರಿನ ರೈಲು ಹಿಡಿಯಲು ಬಂಗಾರಪೇಟೆಗೆ ಬಂದೆ. ನಿಲ್ದಾಣದ ಒಂದು ಕಂಬಕ್ಕೆ ಇಬ್ಬರು ಗಾರೆ ಬಳಿಯುತ್ತಿದ್ದರು. ಹಸಿ ಸಿಮೆಂಟಿನ, ನೆಂದ ಮರಳಿನ ವಾಸನೆ ಮೂಗಿಗೆ ಬಡಿಯಿತು. ಆಚೆ ಪ್ಲಾಟ್‌ಫಾರಂನಲ್ಲಿ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ನಿಂತಿತ್ತು. ನಾನು ಮನೆಗೆ ಫೋನ್ ಮಾಡಿ ಇವತ್ತು ಬರುವುದು ತಡ ಎಂದು ಹೇಳಿ, ಬ್ಯಾಗು ಎತ್ತಿಕೊಂಡು ಆ ಕಡೆಗೆ ನಡೆದೆ. ಗಾಡಿ ಹೊರಟು, ಕಿಟಕಿಯಲ್ಲಿ ಆ ಬೂದುಬಣ್ಣದ ಬೋಳು ಗುಡ್ಡಗಳು ಕಾಣಿಸಿಕೊಂಡಾಗ, ನನ್ನ ದಡ್ಡತನದ ವರ್ಷ ಪೂರ್ತಿಯಾಗಿ ನೆನಪಿಗೆ ಬಂತು.

ಅದು ಕರೋನಾ ಮುಗಿದ ಮೇಲಿನ ವರ್ಷ. ನನಗೆ ನಂದಿದುರ್ಗದ ಲೈನುಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ ಹತ್ತಿರದ ಒಂದು ಕನ್ನಡ ಪ್ರಾಥಮಿಕ ಶಾಲೆಗೆ ವರ್ಗವಾಗಿತ್ತು. ಬಂಗಾರಪೇಟೆಯಲ್ಲಿ ಬಾಡಿಗೆ ಮನೆ, ಬೆಳಿಗ್ಗೆ ರೈಲಿನಲ್ಲಿ ಊರಿಗಾಂ, ಅಲ್ಲಿಂದ ನಡಿಗೆ. ಭಾನುವಾರವೂ ಅದೇ ರೈಲು, ಏಕೆಂದರೆ ನಾನು ಹೋಗುತ್ತಿದ್ದ ಕನ್ನಡ ಸಭೆ ಇದ್ದದ್ದು ಆ ಲೈನುಗಳಲ್ಲೇ. ಕೆಜಿಎಫ್‌ನ ಕ್ರೈಸ್ತರಲ್ಲಿ ಹೆಚ್ಚಿನವರು ತಮಿಳಿನವರು. ನಾವು ಕನ್ನಡದವರು ನಲವತ್ತು ಮನೆ. ನಮಗೆ ಸ್ವಂತ ದೇವಾಲಯ ಇರಲಿಲ್ಲ. ತಮಿಳು ಸಭೆಯವರ ಗುಡಿಯಲ್ಲಿ ಬೆಳಿಗ್ಗೆ ಏಳಕ್ಕೆ ನಮ್ಮ ಆರಾಧನೆ, ಎಂಟೂವರೆಗೆ ಖಾಲಿ ಮಾಡಬೇಕು. ಅವರು ಒಳ್ಳೆಯವರೇ, ಆದರೆ ಎಂಟೂಕಾಲಿನಿಂದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ನಮ್ಮ ಪಾದ್ರಿ ಅಯ್ಯನವರ ಪ್ರಸಂಗ ಸರಿಯಾಗಿ ಬಿಸಿಯೇರುವ ಹೊತ್ತಿಗೆ ಆಶೀರ್ವಾದ ಹೇಳಿ ಮುಗಿಸಬೇಕಾಗುತ್ತಿತ್ತು. ನಮ್ಮದೇ ಒಂದು ಸೂರು ಬೇಕು ಎಂಬ ಆಸೆ ಅಲ್ಲಿನವರಿಗೆ ಎಷ್ಟೋ ವರ್ಷಗಳದು.

ಆ ವರ್ಷ ಸಭೆಯ ಒಬ್ಬ ಅಜ್ಜಿ ಲೈನಿನ ಕೊನೆಯಲ್ಲಿದ್ದ ತನ್ನ ಜಾಗವನ್ನು ಬಿಟ್ಟುಕೊಟ್ಟಳು. ಅದರಲ್ಲಿ ಹಳೆಯ ಕಲ್ಲಿನ ಗೋಡೆಗಳು ಎದೆಮಟ್ಟಕ್ಕೆ ನಿಂತಿದ್ದವು. ಕಟ್ಟಡದ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೆ ಇದ್ದ ಅರ್ಹತೆ ಎರಡೇ, ಅರ್ಜಿ ಬರೆಯಲು ಬರುತ್ತಿತ್ತು, ಗಂಟಲು ದೊಡ್ಡದಿತ್ತು. ನಾನು ಆ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ದಿನಾ ಬೆಳಿಗ್ಗೆ ರೈಲು ಬಂಗಾರಪೇಟೆ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಸ್ವಾಮಿ ನನಗೆ ಜ್ಞಾನ ಕೊಡು, ವಿವೇಕ ಕೊಡು ಎಂದು ಬೇಡುತ್ತಿದ್ದೆ. ನಿಜವಾಗಿ ಬೇಡುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು. ಆದರೆ ಅವತ್ತು ಏನು ಮಾಡಬೇಕೆಂದು ಹಿಂದಿನ ದಿನವೇ ತೀರ್ಮಾನಿಸಿ ಇಟ್ಟುಕೊಂಡಿರುತ್ತಿದ್ದೆ. ದೇವರು ಅದಕ್ಕೆ ಸಹಿ ಹಾಕಿದರೆ ಸಾಕಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಮೇಸ್ತ್ರಿ ನಾರಾಯಣಪ್ಪ ಕೆಲಸ ಹಿಡಿದರು. ಕ್ಯಾಸಂಬಳ್ಳಿ ಕಡೆಯ ರೈತ. ನಾಲ್ಕು ಹಸು, ಸ್ವಲ್ಪ ರಾಗಿ, ಉಳಿದ ಹೊತ್ತು ಗಾರೆ ಕೆಲಸ. ಬೆಳಿಗ್ಗೆ ಬೈಕಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದು, ಲೈನುಗಳಲ್ಲಿ ಹಾಲು ಕೊಟ್ಟು, ಅದೇ ಖಾಲಿ ಕ್ಯಾನುಗಳಲ್ಲಿ ನಮ್ಮ ಕೆಲಸಕ್ಕೆ ನೀರು ಹೊರುತ್ತಿದ್ದರು. ಮಾತು ಕಡಿಮೆ. ದೇವರ ಕೆಲಸ ಎಂದು ಬೆಳಿಗ್ಗೆ ಗಾರೆ ಬಳಿಯುವ ಕರಣೆಯನ್ನು ಹಣೆಗೆ ಒತ್ತಿಕೊಂಡೇ ಶುರು ಮಾಡುತ್ತಿದ್ದರು. ಯಾರ ದೇವರು ಎಂಬ ಪ್ರಶ್ನೆ ಅವರಿಗೆ ಹುಟ್ಟಿದಂತೆ ಕಾಣಲಿಲ್ಲ. ಆ ಸಲ ಮಳೆಯೂ ಒಳ್ಳೆಯದಿತ್ತು. ಮಧ್ಯಾಹ್ನ ಬಿಸಿಲು, ಸಂಜೆ ಒಂದು ಹದ ಮಳೆ. ಗೋಡೆ ಎದ್ದಿತು, ಅಕ್ಟೋಬರಿನಲ್ಲಿ ತಾರಸಿ ಹಾಕಿದ್ದಾಯಿತು. ತಾರಸಿಯ ದಿನ ಇಡೀ ಸಭೆ ಸಾಲಾಗಿ ನಿಂತು ಕೈಯಿಂದ ಕೈಗೆ ಕಾಂಕ್ರೀಟಿನ ಬಾಂಡ್ಲಿ ದಾಟಿಸಿತು. ಅಂಥ ಸಂತೋಷದ ದಿನ ನನ್ನ ಜೀವನದಲ್ಲಿ ಹೆಚ್ಚಿಲ್ಲ.

ಒಳಗಿನ ಗಾರೆಗೆ ಬಂದಾಗ ಕೆಲಸ ನಿಂತಿತು. ಗಾರೆಯ ಮರಳು, ಎಂ ಸ್ಯಾಂಡಿನ ಲಾರಿ ಬರಬೇಕಿತ್ತು, ಇವತ್ತು ನಾಳೆ ಎಂದು ಎರಡು ವಾರ ಕಳೆಯಿತು. ನಾನು ಅಷ್ಟರಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಪ್ರತಿಷ್ಠೆ ಎಂದು ಎಲ್ಲರ ಮುಂದೆ ಸಾರಿಬಿಟ್ಟಿದ್ದೆ. ಕೋಲಾರದಿಂದ ದೊಡ್ಡ ಅಯ್ಯನವರು ಬರುವುದೂ ಗೊತ್ತಾಗಿತ್ತು. ದಿನಾ ಕಟ್ಟಡದ ಮುಂದೆ ನಿಂತು ದಾರಿ ನೋಡುವಾಗ ಕಣ್ಣಿಗೆ ಬೀಳುತ್ತಿದ್ದದ್ದು ಆ ಗುಡ್ಡ. ಕೆಜಿಎಫ್ ನೋಡದವರಿಗೆ ಹೇಳಬೇಕು. ಗಣಿಯ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ನೂರು ವರ್ಷ ಒಂದೇ ಕಡೆ ಸುರಿದರೆ ಏನಾಗುತ್ತದೋ ಅದು. ಸೈನೈಡ್ ಗುಡ್ಡ ಎನ್ನುತ್ತಾರೆ. ಹಿಟ್ಟಿನಂಥ ಮರಳು, ಜರಡಿ ಬೇಕಿಲ್ಲ, ಕಾಲ ಬುಡದಲ್ಲೇ ಬಿದ್ದಿದೆ. ಮುಟ್ಟಬಾರದು ಎಂದು ಬೋರ್ಡ್ ಇದೆ. ಲೈನುಗಳಲ್ಲಿ ಪಾತ್ರೆ ಉಜ್ಜುವುದು ಮಾತ್ರ ಅದರಲ್ಲೇ.

ಆ ಮರಳಿನಲ್ಲೇ ಗಾರೆ ಮುಗಿಸಿದರೆ ಹೇಗೆ ಎಂದು ನಾನು ನಾರಾಯಣಪ್ಪನವರನ್ನು ಕೇಳಿದೆ. ಅವರು ತಲೆಯ ಟವೆಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ಅವರಿಗೆ ಇಷ್ಟವಿಲ್ಲದ್ದನ್ನು ಹೇಳುವ ಮುಂಚೆ ಹೀಗೆ ಮಾಡುತ್ತಿದ್ದರು.

"ಬ್ಯಾಡಮ್ಮ ಅದು. ಗಾಳಿಗಾಲದಾಗೆ ಆ ಧೂಳು ನಮ್ಮ ಒಲದ ಮ್ಯಾಲೆ ಬಂದು ಬೀಳ್ತದೆ. ಬಿದ್ದ ಕಡೆ ಪೈರು ಸುಟ್ಟೋಗ್ತದೆ. ರಾಗೀನೇ ನಿಲ್ದಿರೋ ಮರಳಾಗೆ ಗಾರೆ ಎಂಗೆ ನಿಲ್ತದೆ?"

ರಾಗಿಗೂ ಗೋಡೆಗೂ ಏನು ಸಂಬಂಧ ಎಂದು ನಾನು ನಕ್ಕೆ. ಮಾರನೆಯ ವಾರ ಅವರ ರಾಗಿ ಕೊಯ್ಲು ಬಂತು, ಹತ್ತು ದಿನ ಬರುವುದಿಲ್ಲ ಎಂದು ಹೇಳಿ ಹೋದರು. ನನಗೆ ಅದೇ ದೇವರು ತೆರೆದ ಬಾಗಿಲು ಎನ್ನಿಸಿತು. ಆಂಡರ್ಸನ್‌ಪೇಟೆಯಿಂದ ಬೇರೆ ಮೇಸ್ತ್ರಿಯನ್ನು ಕರೆಸಿದೆ, ಯುವಕ ಸಂಘದವರಿಂದ ಗುಡ್ಡದ ಮರಳು ಹೊರಿಸಿದೆ, ನಾರಾಯಣಪ್ಪ ರಾಗಿ ಮೆದೆ ಒಟ್ಟಿ ಬರುವಷ್ಟರಲ್ಲಿ ಗೋಡೆ, ತಾರಸಿಯ ಒಳಮೈ ಎಲ್ಲಕ್ಕೂ ಗಾರೆ ಬಳಿಸಿಬಿಟ್ಟೆ. ಮರಳಿನ ಮೇಲೆ ಮನೆ ಕಟ್ಟಿದ ದಡ್ಡನ ಬೈಬಲ್ ಕಥೆಯನ್ನು ಅದೇ ವರ್ಷ ಜುಲೈ ತಿಂಗಳಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೆ ಕೈಕಾಲು ಆಡಿಸಿ ಅಭಿನಯ ಮಾಡಿ ಕಲಿಸಿದವಳು ನಾನೇ. ಮಕ್ಕಳಿಗೆ ಅರ್ಥವಾಗಿತ್ತು. ನಾರಾಯಣಪ್ಪ ವಾಪಸು ಬಂದು ಒಳಗೆ ಒಂದು ಸುತ್ತು ಹಾಕಿ, ಟವೆಲು ಬಿಚ್ಚಿ ಕೊಡವಿ ಸುತ್ತಿಕೊಂಡು, ಹೊರಗಿನ ಮೆಟ್ಟಿಲಿನ ಕೆಲಸಕ್ಕೆ ಕೂತರು.

ನೋಡಲು ಮಾತ್ರ ಚೆನ್ನಾಗಿತ್ತು. ಬೆಣ್ಣೆಯಂಥ ಗೋಡೆ. ಸುಣ್ಣ ಹೊಡೆದ ಮೇಲೆ ಒಳಗೆ ಹೋದರೆ ಕಣ್ಣು ಕುಕ್ಕುತ್ತಿತ್ತು. ಆಮಂತ್ರಣ ಪತ್ರ ಅಚ್ಚಾಗಿ ಬಂತು, ಕೆಳಗೆ ಕಾರ್ಯದರ್ಶಿ ಎಂದು ನನ್ನ ಹೆಸರು, ಶ್ರೀಮತಿ ಸುಗುಣ. ಆ ಪತ್ರವನ್ನು ರೈಲಿನಲ್ಲಿ ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ.

ಸಹಾಯಂ ತಾತನನ್ನು ಇಲ್ಲಿ ತರಬೇಕು. ಪೂರ್ತಿ ಹೆಸರು ದೇವಸಹಾಯಂ, ಮನೆಮಾತು ತಮಿಳು. ಹೆಂಡತಿ ರತ್ನಮ್ಮ ಕನ್ನಡದವಳಾದ್ದರಿಂದ ನಮ್ಮ ಸಭೆಗೆ ಬರುತ್ತಿದ್ದರು. ಗಣಿ ಮುಚ್ಚುವವರೆಗೆ ಕೆಳಗೆ ಕೆಲಸ ಮಾಡಿದವರು. ಅವರ ಕೆಲಸ, ಸಿಡಿಮದ್ದು ಹೊಡೆದ ಮೇಲೆ ಮೊದಲು ಒಳಗೆ ಹೋಗಿ, ಉದ್ದದ ಕಬ್ಬಿಣದ ಕೋಲಿನಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡುವುದು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಬಿರುಕಿದೆ, ಅದನ್ನು ಕೆಡವಿದ ಮೇಲೆಯೇ ಉಳಿದವರು ಬರಬೇಕು. ಈಗ ಎದೆಯಲ್ಲಿ ಕಲ್ಲಿನ ಧೂಳು ತುಂಬಿ ಸದಾ ಕೆಮ್ಮು. ಪ್ರಸಂಗದ ಮಧ್ಯೆ ಅವರು ಕೆಮ್ಮಲು ಶುರು ಮಾಡಿದರೆ ಅಯ್ಯನವರು ನಿಲ್ಲಿಸಿ ಕಾಯುತ್ತಿದ್ದರು. ಹೊಸ ದೇವಾಲಯದ ಪಕ್ಕದ ಮನೆಯೇ ಅವರದು, ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು.

ಪ್ರತಿಷ್ಠೆಗೆ ಮೂರು ದಿನ ಇತ್ತು, ಗುರುವಾರ. ಶಾಲೆ ಬಿಟ್ಟು ಅಲ್ಲಿಗೆ ಹೋದಾಗ ತಾತ ಒಬ್ಬರೇ ಒಳಗಿದ್ದರು. ಉದ್ದದ ಬಿದಿರಿನ ತುದಿಗೆ ಕಬ್ಬಿಣದ ಬಳೆ ಸಿಕ್ಕಿಸಿಕೊಂಡು, ತಲೆ ಓರೆ ಮಾಡಿ, ಮೇಲಿನ ಗಾರೆಯನ್ನು ತಟ್ಟುತ್ತಾ ಸಾಲು ಹಿಡಿದು ನಡೆಯುತ್ತಿದ್ದರು. ನನ್ನನ್ನು ಕಂಡು ಕರೆದರು. ಕಿಟಕಿಯ ಹತ್ತಿರ ಒಂದು ಸಲ ತಟ್ಟಿದರು. ಆಮೇಲೆ ನಡುವೆ, ಕ್ರಿಸ್‌ಮಸ್ ನಾಟಕಕ್ಕೆ ಹುಲ್ಲು ಹಾಸಿ ಕೊಟ್ಟಿಗೆ ಮಾಡಿದ್ದ ಜಾಗದ ಮೇಲೆ. ಕೇಳಿತಾ ಎಂದರು. ಕೇಳಿತ್ತು. ಎರಡು ಸದ್ದೂ ಬೇರೆ ಎಂದು ಕಿವಿ ಇರುವ ಯಾರಿಗಾದರೂ ಗೊತ್ತಾಗುವಂತಿತ್ತು. ಆದರೆ ನಾನು ಹೇಳಿದ್ದು ಹೊಸ ಗಾರೆ, ಒಂದೊಂದು ಕಡೆ ಇನ್ನೂ ಒಣಗಿಲ್ಲ, ಸದ್ದು ಬೇರೆ ಬರುತ್ತದೆ ಎಂದು. ತಾತ ಬಿದಿರನ್ನು ಮತ್ತೆ ಅದೇ ಜಾಗಕ್ಕೆ ಎತ್ತಿದರು. ನನಗೆ ಇರಿಸುಮುರಿಸಾಯಿತು. ವಿಶ್ವಾಸ ಇಡಿ ತಾತ, ಇದು ದೇವರ ಮನೆ, ದೇವರೇ ಕಾಯುತ್ತಾನೆ ಎಂದುಬಿಟ್ಟೆ.

ಅವರು ಬಿದಿರನ್ನು ಗೋಡೆಗೆ ಒರಗಿಸಿ, ಕೆಮ್ಮು ಮುಗಿಯುವವರೆಗೆ ಕಾದರು.

"ಗಣಿಯೊಳಗೂ ದೇವ್ರೇ ಕಾಯ್ತಿದ್ದ ಟೀಚರಮ್ಮ. ಆದ್ರೂ ದಿನಾ ಕೋಲು ಇಡ್ಕೊಂಡೇ ಇಳೀತಿದ್ವಿ. ಸಭೇಲಿ ನಾನು ಹೇಳಿದ್ರೆ ಮುದುಕನ ಕೆಮ್ಮು ಅಂತಾರೆ. ನೀನೇ ಹೇಳು."

ನಾನು ಯಾರಿಗೂ ಹೇಳಲಿಲ್ಲ. ಆ ಸಂಜೆ ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ ಕಾಗದದ ನಕ್ಷತ್ರ, ಬಣ್ಣದ ದಾರ, ಅಗರಬತ್ತಿಯಷ್ಟು ಸಣ್ಣ ಮೇಣದ ಬತ್ತಿ ಎಲ್ಲ ಕೊಂಡೆ. ಪ್ರತಿಯೊಂದು ಅಂಗಡಿಯಲ್ಲೂ ನನ್ನೊಳಗೆ ಒಂದು ವಾದ ನಡೆಯುತ್ತಿತ್ತು. ಭಾನುವಾರ ಒಂದು ದಿನ ಕಳೆದರೆ ಸಾಕು, ಕ್ರಿಸ್‌ಮಸ್ ಮುಗಿದ ಮೇಲೆ ರಿಪೇರಿ ಮಾಡಿಸಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಸಭೆಯ ಸಮಾಧಾನ ಮುಖ್ಯ ಎಂದು ಕೂಡ ಅಂದುಕೊಂಡೆ. ನನ್ನ ಮಾನದ ಪ್ರಶ್ನೆಗೆ ಸಭೆಯ ಸಮಾಧಾನ ಎಂಬ ಹೆಸರು ಕೊಟ್ಟದ್ದು ನನಗೆ ಆಗ ಕಾಣಲಿಲ್ಲ.

ಶುಕ್ರವಾರ ಶಾಲೆಗೆ ರಜೆ. ಬೆಳಿಗ್ಗೆಯೇ ನಾಟಕದ ತಾಲೀಮು ಇಟ್ಟಿದ್ದೆ. ಹದಿನಾರು ಮಕ್ಕಳು. ಹುಲ್ಲಿನ ಮೇಲೆ ಮರಿಯಳಾಗಿ ಕೂತವಳು ನನ್ನದೇ ಮೂರನೇ ಕ್ಲಾಸಿನ ಶೀಲಾ, ತಲೆಯ ಮೇಲೆ ಅವಳಮ್ಮನ ನೀಲಿ ದಾವಣಿ. ಕುರುಬರು, ದೇವದೂತರು, ಕುರಿಗಳು ಎಲ್ಲ ಅವಳ ಸುತ್ತ. ನಾನು ಕುರ್ಚಿ ಹಾಕಿಕೊಂಡು ಪುಸ್ತಕ ಹಿಡಿದು ಮಾತು ಹೇಳಿಕೊಡುತ್ತಿದ್ದೆ. ದೇವದೂತನಾಗಿದ್ದವನಿಗೆ ನನ್ನ ದನಿ ಕೇಳಿಸಲಿಲ್ಲ. ಟೀಚರ್, ಅಷ್ಟು ದೂರ ಯಾಕೆ ಕೂತಿದ್ದೀರಿ, ಹತ್ತಿರ ಬನ್ನಿ ಎಂದ. ಆಗ ನೋಡಿಕೊಂಡೆ. ನನ್ನ ಕುರ್ಚಿ ಬಾಗಿಲಿನಲ್ಲಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಬೇರೆ ದಿನ ಮಕ್ಕಳ ನಡುವೆ ನಿಂತು ಕೂಗುತ್ತಿದ್ದವಳು ಅವತ್ತು ಬಂದ ಕೂಡಲೇ, ಯೋಚನೆ ಕೂಡ ಮಾಡದೆ, ಅಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ನನ್ನ ಕಾಲು ತಾತನ ಮಾತನ್ನು ನಂಬಿತ್ತು. ಬಾಯಿ ಒಂದೇ ನಂಬಿರಲಿಲ್ಲ. ನಾನು ನಿಲ್ಲಲು ಹೆದರಿದ ಜಾಗದಲ್ಲಿ ಹದಿನಾರು ಮಕ್ಕಳನ್ನು ನಿಲ್ಲಿಸಿದ್ದೆ.

ಪುಸ್ತಕ ಮುಚ್ಚಿದೆ. ಎಲ್ಲರೂ ಹೊರಗೆ ಬಿಸಿಲಿಗೆ ಬನ್ನಿ, ಇವತ್ತು ಅಂಗಳದಲ್ಲಿ ತಾಲೀಮು ಎಂದೆ. ಕೊನೆಯ ಕುರಿ ಹೊರಗೆ ಬರುವವರೆಗೆ ಎಣಿಸಿದೆ. ಆಮೇಲೆ ತಾತನ ಮನೆಯ ಬಾಗಿಲು ತಟ್ಟಿದೆ, ನಾರಾಯಣಪ್ಪನವರಿಗೆ ಫೋನ್ ಮಾಡಿದೆ. ಅವರು ಹಾಲಿನ ಕ್ಯಾನು ಇಳಿಸದೆ ಹಾಗೇ ಬಂದರು. ತಾತ ಕೆಮ್ಮುತ್ತಾ ಬಾಗಿಲಿನಿಂದಲೇ ಜಾಗ ತೋರಿಸಿದರು, ನಾರಾಯಣಪ್ಪ ಬಿದಿರು ಎತ್ತಿ ಒಂದು ಸಲ, ಜೋರಾಗಿಯೂ ಅಲ್ಲ, ತಿವಿದರು. ಚಾಪೆಯಗಲದ ಗಾರೆ ಒಂದೇ ಹಲಗೆಯಾಗಿ ಕಳಚಿ ಬಿತ್ತು. ಶೀಲಾ ಕೂತಿದ್ದ ಹುಲ್ಲಿನ ಮೇಲೆ. ಧೂಳು ಇಳಿದಾಗ ನೋಡಿದರೆ ರಟ್ಟಿನ ಕುರಿ ನುಜ್ಜುಗುಜ್ಜಾಗಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ನಾರಾಯಣಪ್ಪ, ಮೊದಲೇ ಹೇಳಿದ್ದೆ ಎಂಬ ಮಾತು ಆಡಲಿಲ್ಲ, ಪೊರಕೆ ಎಲ್ಲಿ ಎಂದಷ್ಟೇ ಕೇಳಿದರು. ರತ್ನಮ್ಮ ಒಳಗಿನಿಂದ ನೀರು ತಂದು ಕೊಟ್ಟಳು. ಆ ನೀರು ಕುಡಿಯುತ್ತಾ ನನಗೆ ಅನ್ನಿಸಿತು, ದಿನಾ ಜ್ಞಾನ ಬೇಡಿದ್ದೆ, ದೇವರೂ ಕಳಿಸಿದ್ದ. ಒಂದು ಸಲ ಹಾಲಿನ ಕ್ಯಾನಿನ ಜೊತೆ, ಇನ್ನೊಂದು ಸಲ ಕೆಮ್ಮಿನ ಜೊತೆ. ಎರಡು ಸಲವೂ ನಾನು ಯಾರೋ ಬೇರೆಯವರು ಬಂದರು ಅಂದುಕೊಂಡಿದ್ದೆ.

ಶನಿವಾರ ಸಂಜೆ ಸಭೆ ಸೇರಿತು. ಅಲಂಕಾರಕ್ಕೆಂದು ಬಂದವರು, ಕೈಯಲ್ಲಿ ತೋರಣ, ಹೂವು. ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಮೇಸ್ತ್ರಿ ಬೇಡವೆಂದದ್ದು, ಅವರು ಇಲ್ಲದಾಗ ಮಾಡಿಸಿದ್ದು, ತಾತ ಗುರುವಾರವೇ ಹೇಳಿದ್ದು, ನಾನು ವಿಶ್ವಾಸದ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದು. ಕುರ್ಚಿಯ ವಿಷಯ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಕ್ಕಳ ತಾಯಂದಿರು ಎದುರಿಗೇ ಕೂತಿದ್ದರು. ಅದನ್ನೂ ಹೇಳಿದೆ. ಪ್ರತಿಷ್ಠೆ ಈಗ ಬೇಡ, ನನ್ನನ್ನು ಕಾರ್ಯದರ್ಶಿ ಕೆಲಸದಿಂದ ಬಿಡಿಸಿ ಎಂದು ಕೇಳಿಕೊಂಡೆ. ಮರಳು ಹೊತ್ತಿದ್ದ ಯುವಕರು ಮುಖ ಗಂಟಿಕ್ಕಿಕೊಂಡಿದ್ದರು, ಅವರ ಕೋಪ ನ್ಯಾಯವೇ. ಶೀಲಾಳ ತಾಯಿ ಮಗಳನ್ನು ಮಡಿಲಿಗೆ ಎಳೆದುಕೊಂಡು ಸೆರಗು ಹೊದಿಸಿದಳು. ಅದನ್ನು ನೋಡಲು ನನಗೆ ಆಗಲಿಲ್ಲ.

ಮೊದಲು ಬಾಯಿ ಬಿಟ್ಟವಳು ರತ್ನಮ್ಮ.

"ನಮ್ಮನೆ ಬಚ್ಚಲ ಗ್ವಾಡೆಗೂ ಅದೇ ಮರಳು ಆಕಿರೋದು. ವರ್ಸಾ ವರ್ಸಾ ಉದುರ್ತದೆ, ವರ್ಸಾ ವರ್ಸಾ ಬಳೀತೀವಿ. ಯಾರ್ನ ಕೇಳಿದ್ರೂ ಇಲ್ಲ ಅಂತಾರೆ, ನೋಡು ಬೇಕಾದ್ರೆ."

ಒಬ್ಬರು ತಮ್ಮ ಒಲೆಗೂ ಅದೇ ಮರಳು ಎಂದು ಒಪ್ಪಿಕೊಂಡರು. ಇನ್ನೊಬ್ಬರು ಕೋಳಿಗೂಡು ಎಂದರು. ಸಭೆಯ ಅತಿ ಗಂಭೀರ ಹಿರಿಯರು ಗಂಟಲು ಸರಿಮಾಡಿಕೊಂಡು, ತಮ್ಮ ಮನೆಯ ಮುಂದಿನ ಕಟ್ಟೆ ಎರಡು ಸಲ ಬಿದ್ದದ್ದಕ್ಕೆ ತಾವು ಇಷ್ಟು ದಿನ ಹೆಗ್ಗಣವನ್ನು ದೂರುತ್ತಿದ್ದುದಾಗಿ ಹೇಳಿದರು. ಆಗ ನಗು ಬಂತು, ಯುವಕರೂ ನಕ್ಕರು. ಶೀಲಾಳ ತಾಯಿ ಮಾತ್ರ ನಗಲಿಲ್ಲ, ಆದರೆ ಹೋಗುವಾಗ ನನ್ನ ಕೈ ಹಿಡಿದು ಒಮ್ಮೆ ಅದುಮಿದಳು. ಕಾರ್ಯದರ್ಶಿ ಕೆಲಸದಿಂದ ನನ್ನನ್ನು ಬಿಡಿಸಲಿಲ್ಲ. ಗಾರೆ ಕೆಡವುವ ಕೆಲಸ ಇದೆಯಲ್ಲ, ಅದನ್ನು ಯಾರು ಮಾಡಿಸುತ್ತಾರೆ ಎಂದು ಕೇಳಿದರು.

ಆ ಕ್ರಿಸ್‌ಮಸ್ ಅಂಗಳದಲ್ಲಿ ನಡೆಯಿತು. ಎರಡು ಟಾರ್ಪಾಲಿನ್ ಕಟ್ಟಿ, ಲೈನಿನ ಮನೆಗಳಿಂದ ಚಾಪೆ ತಂದು ಹಾಸಿದೆವು. ಬೆಳಗಿನ ಮಂಜು ಇನ್ನೂ ಆರಿರಲಿಲ್ಲ, ಎಲ್ಲರ ಬಾಯಿಂದಲೂ ಹಾಡಿನ ಜೊತೆ ಹಬೆ ಬರುತ್ತಿತ್ತು. ಎಂಟೂವರೆಗೆ ಎಬ್ಬಿಸುವವರು ಇರಲಿಲ್ಲ. ಅಯ್ಯನವರು ಜೀವನದಲ್ಲಿ ಮೊದಲ ಸಲ ತಮ್ಮ ಪ್ರಸಂಗವನ್ನು ಕೊನೆಯವರೆಗೆ ಹೇಳಿದರು, ಅದು ಅವರು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ತಮಿಳು ಸಭೆಯವರು ತಮ್ಮ ಆರಾಧನೆ ಮುಗಿಸಿ ಒಂದು ದೊಡ್ಡ ಪಾತ್ರೆ ಬಿರಿಯಾನಿ ಹೊತ್ತುಕೊಂಡು ಬಂದರು. ನಾರಾಯಣಪ್ಪ ಪಾಯಸಕ್ಕೆ ಹಾಲು ತಂದವರು ನಾಟಕ ಮುಗಿಯುವವರೆಗೂ ಬೇಲಿಯ ಹತ್ತಿರ ನಿಂತಿದ್ದರು. ಈ ಸಲ ಕುರಿಗಳಿಗೆ ಬದಲಾಗಿ ರತ್ನಮ್ಮನ ಎರಡು ನಿಜವಾದ ಮೇಕೆಗಳಿದ್ದವು, ಅವು ಜ್ಞಾನಿಗಳ ಕಿರೀಟದ ಕಾಗದ ತಿಂದವು.

ಜನವರಿಯಿಂದ ಗಾರೆ ಕೆಡವಿದೆವು. ಒಳ್ಳೆಯ ಮರಳು ಬಂತು, ನಾರಾಯಣಪ್ಪ ಮತ್ತೆ ಕರಣೆ ಹಿಡಿದರು. ಶಾಲೆ ಬಿಟ್ಟ ಮೇಲೆ ನಾನು ಜರಡಿ ಹಿಡಿಯುತ್ತಿದ್ದೆ. ತಾತ ಒಂದು ಸ್ಟೂಲಿನ ಮೇಲೆ ಕೂತು, ಒಣಗಿದ ಪ್ರತಿ ಭಾಗವನ್ನೂ ನನ್ನ ಕೈಯಲ್ಲೇ ತಟ್ಟಿಸುತ್ತಿದ್ದರು. ಕಣ್ಣು ಮುಚ್ಚು, ಅವಸರ ಬೇಡ, ಇನ್ನೊಂದು ಸಲ ಎನ್ನುತ್ತಿದ್ದರು. ಒಂದು ತಿಂಗಳು ಹೀಗೆ ಕಲಿತೆ. ಎಲ್ಲ ಮುಗಿಯಿತು ಅಂದುಕೊಂಡಾಗ, ಬಾಗಿಲು ತೆರೆದರೆ ಮರೆಯಾಗುವ ಜಾಗದಲ್ಲಿ ಒಂದು ಮೊಳ ಅಗಲದ ಹಳೆಯ ಗಾರೆ ಹಾಗೇ ಉಳಿದಿರುವುದು ಕಂಡಿತು. ನಾರಾಯಣಪ್ಪನವರನ್ನು ಕೇಳಿದರೆ ತಾತ ಬಿಡಲು ಹೇಳಿದರು ಎಂದರು. ತಾತನನ್ನು ಕೇಳಿದೆ. ಇದು ಸಭೆಗಲ್ಲ, ನಿನಗೆ ಎಂದರು.

ಈಸ್ಟರಿನಂದು ಪ್ರತಿಷ್ಠೆಯಾಯಿತು, ಅಚ್ಚು ಹಾಕಿಸಿದ ಪತ್ರ ಇಲ್ಲದೆ. ವರ್ಗವಾಗಿ ತುಮಕೂರಿಗೆ ಬರುವವರೆಗೂ ಪ್ರತಿ ಭಾನುವಾರ ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಆ ಒಂದು ಮೊಳದಿಂದ ದಿನಾ ಒಂದಿಷ್ಟು ಬೂದು ಮರಳು ಉದುರಿ ನೆಲದ ಮೇಲೆ ಸಣ್ಣ ಗುಡ್ಡೆಯಾಗಿರುತ್ತಿತ್ತು. ಆರಾಧನೆ ಮುಗಿದ ಮೇಲೆ ನಾನೇ ಅದನ್ನು ಗುಡಿಸುತ್ತಿದ್ದೆ.

ಹೋದ ತಿಂಗಳು ಊರಿಗಾಂನಲ್ಲಿ ಇಳಿದು ಲೈನಿನ ಕೊನೆಯವರೆಗೆ ನಡೆದಾಗ ಬಿಸಿಲು ಇಳಿದಿತ್ತು. ತಾತ ತಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದರು. ತುಂಬಾ ಇಳಿದುಹೋಗಿದ್ದಾರೆ, ಆದರೆ ನನ್ನನ್ನು ದೂರದಿಂದಲೇ ಗುರುತಿಸಿ ಬೀಗದ ಕೈ ಎತ್ತಿ ತೋರಿಸಿದರು. ರತ್ನಮ್ಮ ಕಾಫಿಗೆ ಎದ್ದಳು. ಜೋರಾಗಿ ಮಾತಾಡಬೇಕು, ಈಗ ಅವರಿಗೆ ಕಿವಿ ಅಷ್ಟಕ್ಕಷ್ಟೇ ಎಂದಳು. ಮೂವರೂ ದೇವಾಲಯದೊಳಗೆ ಹೋದೆವು. ನಾನು ಮೊದಲು ಬಾಗಿಲ ಹಿಂದೆ ನೋಡಿದೆ. ಆ ಒಂದು ಮೊಳ ಇರಲಿಲ್ಲ. ಅಲ್ಲಿ ಹೊಸ ಗಾರೆ, ಸ್ವಲ್ಪ ಏರುತಗ್ಗಾದ, ಮೇಸ್ತ್ರಿಯ ಕೈಯದಲ್ಲದ ಗಾರೆ.

ಯಾರು ಮಾಡಿದ್ದು ಎಂದು ಕೂಗಿ ಕೇಳಿದೆ. ತಾನೇ ಎಂದು ತಾತ ಎದೆ ತಟ್ಟಿಕೊಂಡರು. ಮಳೆಗೆ ಮುಂಚೆ, ಸ್ಟೂಲಿನ ಮೇಲೆ ಕೂತು, ನಾಲ್ಕು ದಿನ ಹಿಡಿಯಿತಂತೆ. ಬೇಡವೆಂದರೂ ಕೇಳಲಿಲ್ಲ ಎಂದು ದೂರಿ ರತ್ನಮ್ಮ ಕಾಫಿ ಮಾಡಲು ಮನೆಗೆ ಹೋದಳು. ಯಾಕೆ ತಾತ, ಅದು ನನಗೆ ಅಂತ ಬಿಟ್ಟದ್ದಲ್ಲವೇ ಎಂದೆ.

"ನೀನು ಅದನ್ನೇ ನೋಡ್ಕೊಂಡು ಕೂತಿರ್ತಿದ್ದೆ. ಪ್ರಸಂಗ ಎಲ್ಲಿ ಕೇಳ್ತಿದ್ದೆ? ಸಾಕು ಅದು." ಆಮೇಲೆ ತಮ್ಮ ಊರುಗೋಲನ್ನು ನನ್ನ ಕಡೆ ಚಾಚಿದರು. "ತಟ್ಟು."

ಬೇಡ ತಾತ, ನೀವು ಮಾಡಿದ್ದು, ನನಗೆ ನಂಬಿಕೆ ಇದೆ ಎಂದೆ.

"ಅಂಗಾದ್ರೆ ಏನೂ ಕಲ್ತಿಲ್ಲ ನೀನು. ನಾನು ತಟ್ದೆ, ನಂಗೆ ಕೇಳಿಸ್ಲಿಲ್ಲ. ಇಲ್ಲಿ ಎಲ್ರೂ ಚೆನ್ನಾಗೈತೆ ತಾತ ಅಂತಾರೆ. ನೀನು ಹೇಳು."

ಕೋಲು ತೆಗೆದುಕೊಂಡು, ಕಣ್ಣು ಮುಚ್ಚಿ, ಮೇಲಿನಿಂದ ಸಾಲು ಹಿಡಿದು ತಟ್ಟುತ್ತಾ ಬಂದೆ. ಟಣ್, ಟಣ್, ಟಣ್. ಗಟ್ಟಿ. ಮನಸ್ಸು ಹಿಗ್ಗಿತು. ಕೆಳಗಿನ ಮೂಲೆಗೆ ಬಂದಾಗ ಸದ್ದು ಬದಲಾಯಿತು. ಇನ್ನೊಂದು ಸಲ ತಟ್ಟಿದೆ. ಡಬ್. ಅಂಗೈಯಷ್ಟು ಜಾಗ. ಕಣ್ಣು ತೆರೆದರೆ ತಾತ ನನ್ನ ಮುಖವನ್ನೇ ನೋಡುತ್ತಿದ್ದರು. ಉಸಿರು ಹಿಡಿಯಲು ಒದ್ದಾಡುವ ಎದೆ ಇಟ್ಟುಕೊಂಡು ನಾಲ್ಕು ದಿನ ನನಗಾಗಿ ಮಾಡಿದ ಗಾರೆ. ಪೂರ್ತಿ ಗಟ್ಟಿಯಾಗಿದೆ ಎನ್ನುವುದು ಎಷ್ಟು ಸುಲಭವಿತ್ತು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನಾನು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ಮೇಲೆಲ್ಲ ಗಟ್ಟಿ ಇದೆ ತಾತ. ಕೆಳಗೆ ಮೂಲೇಲಿ ಅಂಗೈಯಗಲ ಟೊಳ್ಳು."

ಹಲ್ಲಿಲ್ಲದ ಅವರ ಬಾಯಿ ಅಗಲವಾಗಿ ತೆರೆಯಿತು. ಮಗು ನಕ್ಕಂತೆ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮುಗಿದ ಮೇಲೆ ಮತ್ತೆ ನಕ್ಕರು.

"ಅಲ್ಲೇ ನನ್ನ ಕೈ ನಡುಗಿದ್ದು," ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. "ರತ್ನ, ಕಾಫಿ ಆಮೇಲೆ. ಕರಣೆ ತಾ."